ಮೂತಿ ಇಲ್ಲದ ಜೀಪು: ಬ್ಯಾಡಗಿಯ ಹಳೆ ಪಿಕಪ್ ಒಂದರ ರಿಪೇರಿ ಪ್ರಕರಣ

ಬ್ಯಾಡಗಿ ಹತ್ತಿರ ನನ್ನ ಸೋದರಮಾವನ ಹೊಲದ ಶೆಡ್ಡಿನಲ್ಲಿ ಒಂದು ಹಳೆ ಪಿಕಪ್ ಇತ್ತು. ನಾಲ್ಕೂ ಟೈರ್ ಗಾಳಿ ಹೋಗಿ, ರಿಮ್ ಮಣ್ಣಿಗೆ ಇಳಿದಿತ್ತು. ಹಿಂದಿನ ತೊಟ್ಟಿಯಲ್ಲಿ ಕಣಿಕೆ ಒಟ್ಟಿದ್ದರು. ಸಣ್ಣವರಿದ್ದಾಗ ನಾವು ಅದರ ಸ್ಟೇರಿಂಗ್ ಹಿಡಿದು ಬಾಯಲ್ಲೇ ಗಾಡಿ ಓಡಿಸುತ್ತಿದ್ದೆವು. ಊರಲ್ಲಿ ಅದಕ್ಕೆ ‘ಮೂತಿ ಇಲ್ಲದ ಜೀಪು’ ಅಂತಲೇ ಹೆಸರು. ಬಾನೆಟ್ ಇಲ್ಲ. ಡ್ರೈವರ್ ಕೂರುವುದು ಮುಂದಿನ ಚಕ್ರದ ಮೇಲೆ. ಎಂಜಿನ್ ಅವನ ಮಗ್ಗುಲಲ್ಲೇ, ಎರಡು ಸೀಟಿನ ನಡುವಿನ ಡಬ್ಬಿಯ ಕೆಳಗೆ.

2024ರ ದೀಪಾವಳಿಗೆ ಹೋದಾಗ ಮಾಮಾ ಗುಜರಿಯವನನ್ನು ಕರೆಸಿದ್ದರು. ಅವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ತೂಕದ ಲೆಕ್ಕದಲ್ಲಿ ರೇಟು ಹೇಳಿದ. ಮಾಮಾ ಒಪ್ಪುವ ಹಾಗೆ ಕಂಡಿತು. ನಾನು ಸುಮ್ನೆ ಇರಬಹುದಿತ್ತು.

‘ಒಂದ್ ವರ್ಷ ನನಗ ಕೊಡ್ರಿ ಮಾಮಾ.’

‘ತಗೊಂಡ್ ಏನ್ ಮಾಡ್ತಿ ಅಳಿಯಾ? ಪ್ರೆಸ್ಸಿನ್ಯಾಗ ಪ್ರಿಂಟ್ ಹೊಡಿತೀಯೇನು?’

ಹುಬ್ಬಳ್ಳಿಯಲ್ಲಿ ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್. ಗಾಡಿ ಬಗ್ಗೆ ನನಗೆ ಗೊತ್ತಿದ್ದದ್ದು ಪಂಚರ್ ಹಾಕಿಸುವಷ್ಟು. ಆದರೂ ಮಾಮಾ ಕೊಟ್ಟರು. ಅದನ್ನು ಅಜ್ಜ ಕೊಂಡಿದ್ದು ಅನ್ನುವ ಒಂದೇ ಕಾರಣಕ್ಕೆ ಕೊಟ್ಟರು ಅಂತ ನನ್ನ ಅಂದಾಜು. ಕಾಗದ ಇಲ್ಲದ ಗಾಡಿಯನ್ನು ರಸ್ತೆ ಮೇಲೆ ಎಳೆದು ತರುವ ಹಾಗಿರಲಿಲ್ಲ. ಲಾರಿ ಮೇಲೆ ಹಾಕಿಕೊಂಡು, ಪಿ.ಬಿ. ರೋಡಿನ ಮೇಲೆ ಸುಮಾರು ತೊಂಬತ್ತು ಕಿಲೋಮೀಟರ್ ತಂದು, ಗೋಕುಲ ರೋಡ್ ಕಡೆಯ ಪರಿಚಯದವರ ಗ್ಯಾರೇಜಿನ ಹಿತ್ತಲಲ್ಲಿ ಇಳಿಸಿದೆವು.

ಗಾಡಿ ಯಾವುದು ಅನ್ನುವುದೇ ಮೊದಲ ಪ್ರಶ್ನೆ

ಆರ್‌ಸಿ ಪುಸ್ತಕ ಸಿಕ್ಕಿತು. ಮೊದಲ ನೋಂದಣಿ 1971, ಅಜ್ಜನ ಹೆಸರು, ಮಹೀಂದ್ರ, ಪೆಟ್ರೋಲ್, ಸರಕು ಗಾಡಿ. ಅಷ್ಟೇ. ನಾನು ಅದನ್ನೇ ಹಿಡಿದು ಬಿಡಿಭಾಗ ಹುಡುಕಲು ಹೊರಟೆ. ಹುಬ್ಬಳ್ಳಿಯ ಮೂರು ಅಂಗಡಿ, ಬೆಂಗಳೂರಿನ ಜೆ.ಸಿ. ರೋಡಿನ ಎರಡು ಅಂಗಡಿ, ದೆಹಲಿ ಕಡೆಯ ಒಬ್ಬರು, ಎಲ್ಲರಿಗೂ ವಾಟ್ಸಾಪಿನಲ್ಲಿ ಒಂದೇ ಮಾತು: ‘ಹಳೆ ಮಹೀಂದ್ರ ಪಿಕಪ್ ಸ್ಪೇರ್ ಬೇಕು.’ ಸಂಜೆಯೊಳಗೆ ಬೊಲೆರೊ ಪಿಕಪ್ಪಿನ ಹೆಡ್‌ಲೈಟು, ಬಂಪರು, ಬಾಗಿಲಿನ ಫೋಟೊ ಬಂದು ಬಿದ್ದವು. ಹೊಚ್ಚ ಹೊಸವು, ಒಳ್ಳೆಯವು, ನನಗೆ ಒಂದಕ್ಕೂ ಉಪಯೋಗವಿಲ್ಲ.

ಗಾಡಿಯ ನಿಜವಾದ ಜಾತಕ ತಿಳಿದದ್ದು ಆಮೇಲೆ. ಅದು ಎಫ್‌ಸಿ-150. ಎಫ್‌ಸಿ ಅಂದರೆ ಫಾರ್ವರ್ಡ್ ಕಂಟ್ರೋಲ್, ಡ್ರೈವರ್ ಎಂಜಿನ್ನಿನ ಹಿಂದೆ ಕೂರದೆ, ಅದರ ಮಗ್ಗುಲಲ್ಲಿ ಗಾಡಿಯ ತೀರಾ ಮುಂದೆ ಕೂರುವ ಗಾಡಿ. ಅಮೆರಿಕದ ವಿಲ್ಲಿಸ್ ಕಂಪನಿ ಇದನ್ನು 1956ರ ಕೊನೆಯಲ್ಲಿ ಹೊರತಂದಿತು. ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ಜೀಪಿನ ಚಾಸಿಯ ಉದ್ದದಲ್ಲೇ ಹೆಚ್ಚು ಸರಕು ಹೇರಬೇಕು ಅನ್ನುವುದು ಲೆಕ್ಕ. ಹಾಗಾಗಿ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ಅಂತರ ಸಿಜೆ-5 ಜೀಪಿನಷ್ಟೇ, 81 ಇಂಚು. ಅಲ್ಲಿ ಅರವತ್ತರ ದಶಕದ ನಡುವಿನಲ್ಲಿ ಇದು ನಿಂತುಹೋಯಿತು. ಸುಮಾರು ಅದೇ ಹೊತ್ತಿಗೆ ಇಲ್ಲಿ ಮಹೀಂದ್ರದವರು ಮಾಡತೊಡಗಿದರು. ಅಜ್ಜ ಕೊಂಡದ್ದು ಅಂಥ ಒಂದನ್ನು.

ಜಾತಕ ಗೊತ್ತಾದರೂ ಬಿಡಿಭಾಗ ಸಿಗಲಿಲ್ಲ. ‘ಎಫ್‌ಸಿ’ ಅಂತ ಕೇಳಿದರೆ ಅಂಗಡಿಯವರು ಫಿಟ್‌ನೆಸ್ ಸರ್ಟಿಫಿಕೇಟ್ ಅಂದುಕೊಂಡರು. ಒಬ್ಬರಂತೂ ಆರ್‌ಟಿಒ ಏಜೆಂಟರ ನಂಬರ್ ಕೊಟ್ಟರು!

ಚಾಚಾ

ಗ್ಯಾರೇಜಿನ ಹುಡುಗನೇ ಒಂದು ದಿನ ಹೇಳಿದ: ‘ಹಳೇ ಹುಬ್ಬಳ್ಯಾಗ ಒಬ್ರು ಚಾಚಾ ಅದಾರ್ರಿ. ಪೆಟ್ರೋಲ್ ಜೀಪಿನ ಕಾಲದವ್ರು. ಈಗ ಪಾನಾ ಹಿಡಿಯಂಗಿಲ್ಲ, ಆದ್ರ ಬಾಯಿ ಚಲೋ ಐತಿ.’

ಚಾಚಾಗೆ ಎಪ್ಪತ್ತೈದು ದಾಟಿದೆ. ಕೈ ನಡುಗುತ್ತದೆ. ಮಗ ನಡೆಸುವ ಗ್ಯಾರೇಜಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಫೋನ್ ತೆಗೆದು ಗಾಡಿಯ ಫೋಟೊ ತೋರಿಸಹೋದೆ. ಅವರು ನೋಡಲಿಲ್ಲ.

‘ಫೋಟೊ ಬ್ಯಾಡ. ಸಾಮಾನು ತಂದೀಯೇನು?’

ತಂದಿರಲಿಲ್ಲ. ಮರುದಿನ ಸಿಮೆಂಟ್ ಚೀಲದಲ್ಲಿ ನಾಲ್ಕೈದು ಸಾಮಾನು ಹಾಕಿಕೊಂಡು ಹೋದೆ. ಚಾಚಾ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿ ಎರಡು ಗುಂಪು ಮಾಡಿದರು. ‘ಇವು ಜೀಪಿನ್ವು. ಇವು ಈ ಗಾಡೀವು.’ ಆಮೇಲೆ ಹೇಳಿದ ಮಾತು ಇಡೀ ಪ್ರಕರಣದ ಕೀಲಿ. ‘ಗಾಡಿ ಹೆಸರ ಹೇಳಿ ಕೇಳಿದ್ರ ಯಾರೂ ಕೊಡಂಗಿಲ್ಲ. ಎಂಜಿನ್ ಬೇಕಂದ್ರ ಎಂಜಿನ್ ಹೆಸರ ಹೇಳು. ಬೇರಿಂಗ್ ಬೇಕಂದ್ರ ಬೇರಿಂಗ್ ನಂಬರ್ ಹೇಳು.’

ನೋಡಿದರೆ ನಿಜ. ಎಂಜಿನ್ ಹರಿಕೇನ್ ಎಫ್-134. ಸಿಜೆ-3ಬಿ ಪೆಟ್ರೋಲ್ ಜೀಪಿನಲ್ಲಿ ಇದ್ದದ್ದೂ ಅದೇ. 2199 ಸಿಸಿ, ನಾಲ್ಕು ಸಿಲಿಂಡರ್. ಗೇರ್‌ಬಾಕ್ಸ್ ಟಿ-90, ಮೂರು ಗೇರು, ಫಸ್ಟಿಗೆ ಸಿಂಕ್ರೋ (ಗೇರು ಕಿರುಗುಟ್ಟದೆ ಬೀಳಿಸುವ ಏರ್ಪಾಡು) ಇಲ್ಲ. ಅದರ ಹಿಂದೆ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಡಬ್ಬಿ. ಇವಿಷ್ಟೂ ಜೀಪಿನ ಬಳಗ. ನಮ್ಮ ದೇಶದಲ್ಲಿ ಪೆಟ್ರೋಲ್ ಜೀಪು ದಶಕಗಟ್ಟಲೆ ಓಡಿದೆ. ಸರ್ಕಾರಿ ಇಲಾಖೆಗಳಲ್ಲಿ ಅದೇ ಇತ್ತು. ಅದರ ಗ್ಯಾಸ್ಕೆಟ್, ವಾಲ್ವ್, ರಿಂಗು ಇವತ್ತಿಗೂ ಯಾವುದೋ ಅಂಗಡಿಯ ಮಾಳಿಗೆಯಲ್ಲಿ ಧೂಳು ತಿನ್ನುತ್ತಾ ಇರುತ್ತವೆ. ‘ಹರಿಕೇನ್ ಹೆಡ್ ಗ್ಯಾಸ್ಕೆಟ್ ಐತೇನ್ರೀ’ ಅಂದರೆ ಮುದುಕ ಮಾಲೀಕರ ಕಣ್ಣು ಅರಳುತ್ತದೆ. ‘ಹಳೆ ಪಿಕಪ್’ ಅಂದರೆ ಬೊಲೆರೊ ಬರುತ್ತದೆ.

ಬೇರಿಂಗ್ ವಿಷಯ ಇನ್ನೂ ಸಲೀಸು. ಮುಂದಿನ ಹಬ್ಬಿನ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಅಂಚಿನಲ್ಲಿ 18590, ಅದರ ಕಪ್ಪಿನ (ಹೊರಬಳೆಯ) ಮೇಲೆ 18520. ಕಿಂಗ್‌ಪಿನ್ನಿನದು (ಮುಂದಿನ ಚಕ್ರ ಎಡಬಲ ಹೊರಳುವ ಕೀಲು) 11590, 11520. ಗಾಡಿ ಸತ್ತರೂ ನಂಬರ್ ಸಾಯುವುದಿಲ್ಲ. ಹುಬ್ಬಳ್ಳಿಯ ಬೇರಿಂಗ್ ಅಂಗಡಿಯಲ್ಲಿ ನಂಬರ್ ಬರೆದ ಚೀಟಿ ಕೊಟ್ಟೆ. ಗಾಡಿ ಯಾವುದು ಅಂತ ಅವರು ಕೇಳಲೂ ಇಲ್ಲ. ಆಯಿಲ್ ಸೀಲಿನದೂ ಅದೇ ಕಥೆ. ಒಳ ಅಳತೆ, ಹೊರ ಅಳತೆ, ದಪ್ಪ, ಮೂರು ಅಂಕಿ ಸಾಕು.

3,800 ರೂಪಾಯಿಯ ಪಾಠ

ಇಷ್ಟು ಕಲಿತ ಮೇಲೂ ಒಂದು ತಪ್ಪು ಮಾಡಿದೆ. ಅದನ್ನು ಬರೆಯದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಎಂಜಿನ್ ಜೀಪಿನದು, ಗೇರ್‌ಬಾಕ್ಸ್ ಜೀಪಿನದು, ಹಾಗಾದರೆ ಬ್ರೇಕೂ ಜೀಪಿನದೇ ಇರಬೇಕು ಅಲ್ವಾ? ನಾನು ಅಳೆಯಲಿಲ್ಲ. ಉತ್ತರದ ಒಂದು ಊರಿನ ಅಂಗಡಿಯಿಂದ ಸಿಜೆ-3ಬಿಯ ಬ್ರೇಕ್ ಶೂ (ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಕಮಾನು) ಸೆಟ್ಟು ತರಿಸಿದೆ. 3,800 ರೂಪಾಯಿ, ಕೊರಿಯರ್ ಬೇರೆ. ಸೆಟ್ಟು ಬಂತು, ಚೆನ್ನಾಗಿತ್ತು. ಡ್ರಮ್ಮಿನೊಳಗೆ ಇಟ್ಟರೆ ದೊಡ್ಡಪ್ಪನ ಅಂಗಿ ಹಾಕಿಕೊಂಡ ಹುಡುಗನ ಹಾಗೆ ಸಡಿಲ. ಸಿಜೆ-3ಬಿಯ ಡ್ರಮ್ 9 ಇಂಚು. ನಮ್ಮದನ್ನು ಆಮೇಲೆ ಅಳೆದರೆ 10. ಸರಕು ಹೊರುವ ಗಾಡಿಗೆ ದೊಡ್ಡ ಬ್ರೇಕ್ ಕೊಟ್ಟಿದ್ದಾರೆ, ಕೊಡದೆ ಇರುತ್ತಾರಾ? ಅಂಗಡಿಯವರದು ತಪ್ಪಿಲ್ಲ. ನಾನು ಕೇಳಿದ್ದನ್ನೇ ಅವರು ಕಳಿಸಿದ್ದರು.

ಪರಿಹಾರ ಇದ್ದದ್ದು ಊರಲ್ಲೇ. ಹಳೆ ಶೂಗಳ ಲೋಹ ಗಟ್ಟಿ ಇತ್ತು. ಲಾರಿಗಳಿಗೆ ಲೈನರ್ (ಶೂ ಮೇಲಿನ ಸವೆಯುವ ಪಟ್ಟಿ) ರಿವೆಟ್ ಹೊಡೆಯುವವರ ಹತ್ತಿರ ಒಯ್ದೆವು. ಅವರು ಅದೇ ಶೂಗೆ ಹೊಸ ಲೈನರ್ ಕೂರಿಸಿ, ಡ್ರಮ್ಮಿನ ದುಂಡಿಗೆ ಹೊಂದುವ ಹಾಗೆ ಉಜ್ಜಿ ಕೊಟ್ಟರು. ವ್ಹೀಲ್ ಸಿಲಿಂಡರುಗಳ ಒಳಗೆ ತುಕ್ಕು ತಿಂದು ಗುಳಿ ಬಿದ್ದಿತ್ತು. ಲೇತಿನಲ್ಲಿ ಹಿರಿದು ಮಾಡಿಸಿ, ಒಳಗೆ ಸ್ಲೀವ್ (ತೆಳು ಕೊಳವೆ) ಹಾಕಿಸಿ, ಮತ್ತೆ ಮೂಲ ಅಳತೆಗೆ ತಂದೆವು. ಆಗ ರಬ್ಬರ್ ವಾಷರ್ ಸಿಗುವುದು ಕಷ್ಟವಾಗಲಿಲ್ಲ. ಒಂದು ಎಚ್ಚರಿಕೆ: ಆ ಕಾಲದ ಲೈನರಿನಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇರುತ್ತದೆ. ಡ್ರಮ್ ಬಿಚ್ಚಿದಾಗ ಕಾಣುವ ಕರಿ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ಎಸೆಯಿರಿ.

ಡ್ರಮ್ ಬಿಚ್ಚುವ ಮೊದಲು ಇನ್ನೊಂದು ಆಗಿತ್ತು. ಎಡಗಡೆ ಚಕ್ರದ ನಟ್ಟು ಜಗ್ಗಲಿಲ್ಲ ಅಂತ ಹುಡುಗ ಪಾನಾಕ್ಕೆ ಪೈಪು ಸಿಗಿಸಿ, ಅದರ ಮೇಲೆ ನಿಂತು ಕುಣಿದ. ‘ಟಣ್’ ಅಂತು. ಬೋಲ್ಟೇ ತುಂಡು. ಈ ಜಾತಿ ಹಳೆ ಗಾಡಿಗಳಲ್ಲಿ ಎಡಗಡೆಯ ಬೋಲ್ಟಿಗೆ ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಅವನು ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಿದ್ದ.

ಎಂಜಿನ್

ಎಂಜಿನ್ ಜಾಮ್ ಆಗಿತ್ತು. ಇಲ್ಲಿ ಸಲಹೆಗಳ ಮಳೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು, ಟಾಪ್ ಗೇರಿನಲ್ಲಿ ಕ್ಲಚ್ ಬಿಡ್ರಿ ಅಂದವರು ನಾಲ್ಕು ಜನ. ಚಾಚಾ ಕೇಳಿ ಸಿಟ್ಟಾದರು. ಪಿಸ್ಟನ್ ಕಚ್ಚಿಕೊಂಡಿರುವಾಗ ಹಾಗೆ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ರಿಂಗು ಮುರಿದು ಸಿಲಿಂಡರ್ ಗೀರುತ್ತದೆ. ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಡೀಸೆಲ್ ಮತ್ತು ಪವರ್ ಸ್ಟೇರಿಂಗ್ ಆಯಿಲ್ ಬೆರೆಸಿ ಸುರಿದು, ಹತ್ತು ದಿನ ಮರೆತುಬಿಡು ಅಂದರು. ಮರೆತೆ. ಹತ್ತು ದಿನದ ಮೇಲೂ ಅಲುಗಲಿಲ್ಲ. ಹೆಡ್ ಬಿಚ್ಚುವುದೇ ದಾರಿ.

ಈ ಎಂಜಿನ್ನಿನ ಒಂದು ಚಂದ ಇಲ್ಲಿ ಹೇಳಬೇಕು. ಇದನ್ನು ಎಫ್-ಹೆಡ್ ಅನ್ನುತ್ತಾರೆ. ಗಾಳಿ ಒಳಗೆ ಬಿಡುವ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಗೆ ಬಿಡುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ವಿಲ್ಲಿಸ್ ಜೀಪಿನ ಹಳೆ ಎಂಜಿನ್ನಿನಲ್ಲಿ ಎರಡೂ ಬ್ಲಾಕಿನಲ್ಲೇ ಇದ್ದವು. ಒಂದನ್ನು ಮೇಲೆ ತಂದು ದೊಡ್ಡದು ಮಾಡಿ ಶಕ್ತಿ ಹೆಚ್ಚಿಸಿದರು. ಗಾಳಿ ಒಳಗೆ ಹೋಗುವ ದಾರಿ ಹೆಡ್ಡಿನಲ್ಲೇ ಎರಕವಾಗಿದೆ. ಕಾರ್ಬುರೇಟರ್ ನೇರವಾಗಿ ಹೆಡ್ಡಿನ ಮೇಲೆ ಕೂರುತ್ತದೆ.

ಹೆಡ್ಡಿನ ಬೋಲ್ಟು ಎಲ್ಲ ಬಿಚ್ಚಿದೆವು. ಎಣಿಸಿ ಸಾಲಾಗಿ ರಟ್ಟಿನ ಮೇಲೆ ಚುಚ್ಚಿಟ್ಟೆವು. ಹೆಡ್ ಅಲ್ಲಾಡಲಿಲ್ಲ. ಮರದ ಸುತ್ತಿಗೆಯಿಂದ ಬಡಿದೆವು. ಹುಡುಗ ಉಳಿ ತಂದ, ಸಂದಿಗೆ ಇಟ್ಟು ಒಂದು ಏಟು ಹಾಕೋಣ ಅಂದ. ನನಗೆ ಯಾಕೋ ಧೈರ್ಯ ಬರಲಿಲ್ಲ. ಚಾಚಾಗೆ ಫೋನ್ ಹಚ್ಚಿದೆ.

‘ಕಾರ್ಬುರೇಟರ್ ತಗದೀಯೇನು?’

‘ತಗದೀನ್ರಿ.’

‘ಅದರ ತೂತಿನ್ಯಾಗ ಬೆರಳ ಹಾಕು.’

ಹಾಕಿದೆ. ಇಪ್ಪತ್ತು ವರ್ಷದ ಜಿಡ್ಡು, ಸತ್ತ ಕಣಜದ ಗೂಡು, ಅದರ ಕೆಳಗೆ ಗಟ್ಟಿಯಾಗಿ ಏನೋ ಆರು ಮೂಲೆ ತಾಗಿತು. ಒಂದು ಬೋಲ್ಟು! ಹೆಡ್ಡನ್ನು ಬ್ಲಾಕಿಗೆ ಹಿಡಿಯುವ ಬೋಲ್ಟುಗಳಲ್ಲಿ ಒಂದು ಕಾರ್ಬುರೇಟರಿನ ಕೆಳಗೆ, ಗಾಳಿ ಹೋಗುವ ದಾರಿಯೊಳಗೆ ಅಡಗಿ ಕೂತಿರುತ್ತದೆ. ಅದನ್ನು ಮರೆತು ಉಳಿ ಹಾಕಿದ್ದರೆ ಹೆಡ್ ಸೀಳುತ್ತಿತ್ತು. ಹೆಡ್ ಸೀಳಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಗ್ಯಾಸ್ಕೆಟ್ ಕೇಳಿದರೆ ಸಿಗುತ್ತದೆ, ಹೆಡ್ ಕೇಳಿದರೆ ಸಿಗುವುದಿಲ್ಲ.

ಪಿಸ್ಟನ್ ತಲೆಯ ಮಸಿ ಕೆರೆದಾಗ 020 ಅನ್ನುವ ಅಚ್ಚು ಕಂಡಿತು. ಅಂದರೆ ಅಜ್ಜನ ಕಾಲದಲ್ಲೇ ಒಮ್ಮೆ ಬೋರ್ ಆಗಿ (ಸವೆದ ಸಿಲಿಂಡರನ್ನು ಕೊರೆದು ಹಿರಿದು ಮಾಡಿ), 20 ಥೌ ದೊಡ್ಡ ಪಿಸ್ಟನ್ ಬಿದ್ದಿದೆ. ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ಮೂಲ ಬೋರ್ 3.125 ಇಂಚು. ಈಗ 40ಕ್ಕೆ ಹೋಗಬೇಕು. ಲೇತಿನವರು ‘ಇವತ್ತೇ ಬೋರ್ ಹೊಡಿತೀನಿ, ಪಿಸ್ಟನ್ ಆಮ್ಯಾಲ ತರ್ರಿ’ ಅಂದರು. ಚಾಚಾ ಬೇಡ ಅಂದರು. ಪಿಸ್ಟನ್ ಕೈಗೆ ಬರಲಿ, ಅದನ್ನು ಅಳೆದು ಅದಕ್ಕೆ ತಕ್ಕ ಬೋರ್ ಹೊಡಿಸು, ಇಲ್ಲಾಂದರೆ ಬೋರ್ ಇದೆ ಪಿಸ್ಟನ್ ಇಲ್ಲ ಅನ್ನುವ ಹಾಗಾಗುತ್ತದೆ. ಏಳು ವಾರ ಕಾದೆ. ಕೊನೆಗೆ ಜೆ.ಸಿ. ರೋಡಿನಲ್ಲಿ 40ರ ಸೆಟ್ಟು ಸಿಕ್ಕಿತು, ಮಾಸಿದ ರಟ್ಟಿನ ಡಬ್ಬಿ ಸಮೇತ. ಇಡೀ ಕೆಲಸದಲ್ಲಿ ತಾಳ್ಮೆಗೆ ಬೆಲೆ ಸಿಕ್ಕಿದ್ದು ಇಲ್ಲಿ.

ಈ ಏಳು ವಾರದಲ್ಲಿ ಮಾಮಾ ಮನಸ್ಸು ಹೊಯ್ದಾಡಿತು. ಊರಲ್ಲಿ ಯಾರೋ ‘ಮ್ಯಾಟಡೋರ್ ಎಂಜಿನ್ ಕೂರಸ್ರಿ, ಡೀಸೆಲ್ ಆಗ್ತದ, ಆವರೇಜ್ ಬರ್ತದ’ ಅಂದಿದ್ದರು. ಜೀಪುಗಳಿಗೆ ಹಾಗೆ ಮಾಡಿಸಿದವರು ಬಹಳ. ಹರಿಕೇನ್ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ, ಅದು ಸುಳ್ಳಲ್ಲ. ಆದರೆ ಈ ಗಾಡಿಯಲ್ಲಿ ಎಂಜಿನ್ ಕ್ಯಾಬಿನ್ನಿನೊಳಗೆ, ಮೊಣಕಾಲಿನ ಪಕ್ಕದಲ್ಲಿ. ಹಳೆ ಡೀಸೆಲ್ಲಿನ ನಡುಕ, ಸದ್ದು, ಕಾವು ಎಲ್ಲ ಡ್ರೈವರ್ ತೊಡೆಗೇ. ಮೇಲಾಗಿ ಕಾಗದದಲ್ಲಿರುವ ಎಂಜಿನ್ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ನಾನು ಮಾಮಾಗೆ ಒಂದೇ ಮಾತು ಕೇಳಿದೆ: ‘ಇದನ್ನ ದಿನಾ ಹುಬ್ಬಳ್ಳಿಗೆ ಓಡಸ್ತೀರೇನು?’ ಇಲ್ಲ ಅಂದರು. ಹಾಗಾದರೆ ಆವರೇಜಿನ ಚಿಂತೆ ಯಾಕೆ?

ತುಕ್ಕೋ ಮೆಣಸಿನಕಾಯೋ

ಬಾಡಿ ಕೆಲಸ ಬೇಗ ಹೇಳಿ ಮುಗಿಸುತ್ತೇನೆ, ಒಂದು ಸಂಗತಿ ಬಿಟ್ಟು. ತೊಟ್ಟಿಯ ತಳದ ತಗಡಿನ ಮಡಿಕೆಗಳಲ್ಲಿ ಕೆಂಪು ಪುಡಿ ಗಟ್ಟಿಯಾಗಿ ಕೂತಿತ್ತು. ಟಿಂಕರ್ ಕೆಲಸದವನು ತುಕ್ಕು ಅಂದುಕೊಂಡು ಗ್ರೈಂಡರ್ ಹಚ್ಚಿದ. ಅರ್ಧ ನಿಮಿಷ. ಆಮೇಲೆ ಇಡೀ ಹಿತ್ತಲು ಸೀನುತ್ತಾ ಹೊರಗೆ ಓಡಿತು. ಅಜ್ಜ ಮೂವತ್ತು ವರ್ಷ ಹೇರಿದ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಅದು. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದ್ದೂ ಆ ಬಣ್ಣದ ಹೆಸರಿನಿಂದಲೇ ಅನ್ನಬೇಕು. ಗ್ರೈಂಡರಿಗೆ ಸಿಕ್ಕಾಗ ಮಾತ್ರ ಖಾರ ಕಡಿಮೆ ಅನ್ನಿಸಲಿಲ್ಲ. ಆಮೇಲೆ ನೀರು ಹೊಡೆದು, ತಂತಿ ಬ್ರಷ್ಷಿನಿಂದ ಕೆರೆದೆವು. ಕೆಳಗೆ ತಗಡು ಅರ್ಧ ಒಳ್ಳೆಯದೇ ಇತ್ತು. ಎಣ್ಣೆ ಬಿಡುವ ಮೆಣಸಿನಕಾಯಿಯೇ ಅದನ್ನು ಕಾದಿತೇನೋ ಅಂತ ಟಿಂಕರ್ ಅಂದ. ಅದು ಅವನ ತರ್ಕ.

ಬಣ್ಣ ಹುಡುಕಲು ಡ್ಯಾಶ್‌ಬೋರ್ಡಿನ ಹಿಂದೆ, ಯಾರ ಬ್ರಷ್ಷೂ ಮುಟ್ಟದ ಜಾಗದಲ್ಲಿ ಎಮರಿ ಪೇಪರ್ ಹಿಡಿದು ಮೆಲ್ಲಗೆ ಉಜ್ಜಿದೆ. ಮೊದಲು ಹಳದಿ, ಆಮೇಲೆ ನೀಲಿ, ಕೊನೆಗೆ ಬೂದಿ ಮಿಶ್ರಿತ ಹಸಿರು. ಆ ಹಸಿರನ್ನೇ ಹೊಂದಿಸಿದೆವು. ಹೊಳಪು ಕಡಿಮೆ ಇರಲಿ ಅಂತ ಪೇಂಟರಿಗೆ ಮೂರು ಸಲ ಹೇಳಬೇಕಾಯಿತು. ಅವರಿಗೆ ಕನ್ನಡಿ ಹಾಗೆ ಹೊಳೆಯದಿದ್ದರೆ ಸಮಾಧಾನವಿಲ್ಲ.

ಜೀಪಿಗೆ ಸಂಬಂಧವಿಲ್ಲದ ಸಾಮಾನೇ ನಿಜವಾದ ತಲೆನೋವು. ಬಾಗಿಲಿನ ಹಿಡಿ, ಗಾಜು ಏರಿಸುವ ಯಂತ್ರ, ಎಂಜಿನ್ ಮುಚ್ಚುವ ಡಬ್ಬಿ, ಕ್ಲಚ್ಚಿನ ಉದ್ದನೆ ಕಡ್ಡಿ. ಮುಂದಿನ ಗಾಜು ಒಡೆಯದೆ ಉಳಿದದ್ದು ನಮ್ಮ ಪುಣ್ಯ. ಯಾವ ಅಂಗಡಿಯಲ್ಲೂ ಉಳಿದವು ಇಲ್ಲ. ಚಾಚಾ ಹೇಳಿದರು: ‘ಗುಜರಿಯವ್ರನ್ನ ಕೇಳಬ್ಯಾಡ, ಅವ್ರಿಗೆ ತೂಕ ಗೊತ್ತು, ಗಾಡಿ ಗೊತ್ತಿಲ್ಲ. ಪಂಚರ್ ಅಂಗಡಿಯವ್ರನ್ನ ಕೇಳು.’ ಗದಗ ರಸ್ತೆಯ ಪಂಚರ್ ಅಂಗಡಿಗಳಲ್ಲಿ ಗಾಡಿಯ ಫೋಟೊ ತೋರಿಸುತ್ತಾ ಹೋದೆ. ಏಳನೆಯವರು ಗುರುತು ಹಿಡಿದರು. ‘ಇಂಥಾದ್ದರ ಮುಂದಿನ ಭಾಗ ಮುಂಡರಗಿ ಕಡೆ ಇಟ್ಟಿಗಿ ಭಟ್ಟ್ಯಾಗ ಐತಿ ನೋಡ್ರಿ, ಕಾವಲುಗಾರ ಮಲಗ್ತಾನ.’

ಹೋಗಿ ನೋಡಿದರೆ ಎಫ್‌ಸಿಯ ಕ್ಯಾಬಿನ್ನನ್ನು ಕತ್ತರಿಸಿ ಇಟ್ಟಿಗೆ ಕಟ್ಟೆಯ ಮೇಲೆ ಕೂರಿಸಿದ್ದಾರೆ. ಸೀಟಿನ ಜಾಗದಲ್ಲಿ ಕೌದಿ, ಎಂಜಿನ್ ಡಬ್ಬಿಯಲ್ಲಿ ಕೋಳಿ ಕಾವು ಕೂತಿದೆ. ಮಾಲೀಕರು ದುಡ್ಡು ಬೇಡ ಅಂದರು. ಕಾವಲುಗಾರನಿಗೆ ಒಂದು ತಗಡಿನ ಗೂಡು ಮಾಡಿಸಿ ಕೊಡಿ, ಇದನ್ನು ಒಯ್ಯಿರಿ ಅಂದರು. ಕೋಳಿ ಮರಿ ಮಾಡುವವರೆಗೆ, ಅಂದರೆ ಎರಡು ವಾರ, ಕಾಯಬೇಕು ಅನ್ನುವುದು ಕಾವಲುಗಾರನ ಷರತ್ತು. ಕಾದೆವು. ಎರಡು ಬಾಗಿಲಿನ ಹಿಡಿ, ಒಂದು ಗಾಜಿನ ಯಂತ್ರ, ಡಬ್ಬಿ ಸಿಕ್ಕವು. ಕ್ಲಚ್ ಕಡ್ಡಿ ಸಿಗಲಿಲ್ಲ. ಅದನ್ನು ಗೋಕುಲ ರೋಡಿನ ಲೇತಿನಲ್ಲಿ ಹಳೆಯದನ್ನು ನೋಡಿ ಮಾಡಿಸಿದೆವು.

ಮಾಡಿಸುವಾಗ ಒಂದು ಮಾತು. ಇದು ಇಂಚಿನ ಗಾಡಿ. 5/16 ಇಂಚಿನ ಬೋಲ್ಟೂ 8 ಎಂಎಂ ಬೋಲ್ಟೂ ಕಣ್ಣಿಗೆ ಒಂದೇ. 8 ಎಂಎಂನದು ಇಂಚಿನ ತೂತಿಗೆ ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಥ್ರೆಡ್ ಕಿತ್ತು ಬರುತ್ತದೆ. ನಮ್ಮ ವಾಟರ್ ಪಂಪಿನಲ್ಲಿ ಯಾರೋ ಹಿಂದೆಯೇ ಆ ಪುಣ್ಯ ಕಟ್ಟಿಕೊಂಡಿದ್ದರು.

ಎರಡು ಸಿಲಿಂಡರಿನ ದಿನ

ಎಂಜಿನ್ ಜೋಡಣೆ ಮುಗಿಯಿತು. ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಜಾಗ) ಮೇಲಿನ ವಾಲ್ವಿಗೆ 18 ಥೌ, ಕೆಳಗಿನದಕ್ಕೆ 16 ಥೌ. ಕಿಡಿ ಹೊಮ್ಮಿಸುವ ಪಾಯಿಂಟಿನ ಸಂದು 20 ಥೌ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಹೊಸವು ಹಾಕಿದೆವು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು. ಹಳೆ ರಬ್ಬರ್ ಅದರಲ್ಲಿ ಮೆತ್ತಗಾಗಿ ಸೋರುತ್ತದೆ. ಪೆಟ್ರೋಲಿಗೆ ಬೆಂಕಿ ಬೇಗ, ಅದೂ ಕ್ಯಾಬಿನ್ನಿನೊಳಗೆ ಎಂಜಿನ್ ಇರುವ ಗಾಡಿ. ಇಲ್ಲಿ ಜಿಪುಣತನ ಬೇಡ.

ಸೆಲ್ಫ್ ಹೊಡೆದೆವು. ಕೆಮ್ಮಿತು. ಕಾರ್ಬುರೇಟರಿನಿಂದ ‘ಡಬ್’ ಅಂತ ಬೆಂಕಿ ಉಗುಳಿತು. ಮತ್ತೆ ಹೊಡೆದರೆ ಸ್ಟಾರ್ಟ್ ಆಯಿತು, ಆದರೆ ಕುಂಟುತ್ತಾ, ನಡುಗುತ್ತಾ. ಮೂರು ದಿನ ಕಾರ್ಬುರೇಟರ್ ಬಿಚ್ಚಿದೆವು, ಕಂಡೆನ್ಸರ್ ಬದಲಿಸಿದೆವು, ಟೈಮಿಂಗ್ ತಿರುಗಿಸಿದೆವು. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಹೊಡೆಯುವ ಸರದಿ) 1-3-4-2 ಅಂತ ಗೋಡೆ ಮೇಲೆ ಸುಣ್ಣದಲ್ಲಿ ಬರೆದಿತ್ತು. ಪ್ಲಗ್ಗಿನ ವೈರುಗಳೂ ಹಾಗೇ ಇದ್ದವು. ಹತ್ತು ಸಲ ನೋಡಿದೆ.

ನಾಲ್ಕನೇ ದಿನ ಚಾಚಾ ಆಟೋದಲ್ಲಿ ಬಂದರು. ಕುರ್ಚಿ ಹಾಕಿಸಿಕೊಂಡು, ಡೆಲ್ಕೊ (ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆಸಿ, ‘ಕೈಲೆ ಎಂಜಿನ್ ತಿರಗಿಸು’ ಅಂದರು. ಒಳಗಿನ ರೋಟರ್ ನಿಧಾನಕ್ಕೆ ತಿರುಗಿತು. ಎಡಕ್ಕೆ. ಗಡಿಯಾರಕ್ಕೆ ಉಲ್ಟಾ. ನಾವು ವೈರ್ ಜೋಡಿಸಿದ್ದು ಗಡಿಯಾರದ ದಿಕ್ಕಿಗೆ. ಬಲಕ್ಕೆ 1-3-4-2 ಅಂತ ಹಾಕಿದ್ದನ್ನು ಎಡಕ್ಕೆ ಓದಿದರೆ 1-2-4-3. ಒಂದು ಮತ್ತು ನಾಲ್ಕು ಸರಿಯಾಗಿ ಹೊಡೆಯುತ್ತಿದ್ದವು, ಎರಡು ಮತ್ತು ಮೂರು ಅದಲು ಬದಲು. ಅದಕ್ಕೇ ಅರ್ಧ ಎಂಜಿನ್. ಹುಡುಗ ಎರಡು ವೈರ್ ಕಿತ್ತು ಜಾಗ ಬದಲಿಸಿದ. ಸೆಲ್ಫ್ ಮುಟ್ಟಿದ್ದೇ ತಡ, ಗಾಡಿ ಒಂದೇ ಉಸಿರಿಗೆ ಹತ್ತಿಕೊಂಡು ಸಣ್ಣಗೆ ಗುನುಗತೊಡಗಿತು. ಚಾಚಾ ಎಂಜಿನ್ ಡಬ್ಬಿಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂತರು. ಅವರ ಕೈ ಅದರ ಜೊತೆ ನಡುಗುತ್ತಿತ್ತೋ ಅದರಿಂದ ನಡುಗುತ್ತಿತ್ತೋ ಗೊತ್ತಾಗಲಿಲ್ಲ.

ಕಾಗದ

ಗಾಡಿ ಎದ್ದಿತು, ಕಾಗದ ಇನ್ನೂ ಮಲಗಿದೆ. ವಿಂಟೇಜ್ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸಲು, ರಿಪೇರಿಗೆ ಹೊರಗೆ ತರಬಹುದು. ದಿನಾ ಓಡಿಸುವಂತಿಲ್ಲ, ವ್ಯಾಪಾರಕ್ಕಂತೂ ಇಲ್ಲವೇ ಇಲ್ಲ. ನಮ್ಮದು 1971ರದ್ದು, ಎಂಜಿನ್ನೂ ಅದೇ. ನಾನು ಖುಷಿಯಲ್ಲೇ ಹಾವೇರಿಯ ಆರ್‌ಟಿಒ ಕಚೇರಿಗೆ ಹೋದೆ.

ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಆರ್‌ಸಿಗೆ ತಾಳೆಯಾಯಿತು. ತೊಡಕು ಬೇರೆ ಕಡೆ ಇತ್ತು. ಆ ನಿಯಮ ಹೇಳುವ ನಾಲ್ಕು ಚಕ್ರದ ಗಾಡಿ ಎಂ1 ವರ್ಗದ್ದು, ಅಂದರೆ ಡ್ರೈವರ್ ಬಿಟ್ಟು ಎಂಟು ಸೀಟು ಮೀರದ, ಜನ ಕೂರುವ ಗಾಡಿ. ಪಿಕಪ್ ಸರಕು ಗಾಡಿ, ಎನ್1. ಹಳೆ ಜೀಪಿಗೆ ದಾರಿ ಇದೆ, ಅದೇ ಎಂಜಿನ್ನಿನ ಪಿಕಪ್ಪಿಗೆ ಆ ಬಾಗಿಲಲ್ಲಿ ಜಾಗವಿಲ್ಲ. ಇದನ್ನು ನಾನು ಮೊದಲೇ ಓದಬೇಕಿತ್ತು. ಹಳೆ ಪಿಕಪ್ ಎತ್ತಲು ಹೊರಟವರು ಮೊದಲ ಸ್ಪಾನರ್ ಹಿಡಿಯುವ ಮುಂಚೆ ಆರ್‌ಸಿಯಲ್ಲಿ ವರ್ಗ ಏನಿದೆ ಅಂತ ನೋಡಿ. ನಮಗೆ ಉಳಿದದ್ದು ಸರಕು ಗಾಡಿಯ ಮಾಮೂಲಿ ದಾರಿ. ಮೊದಲು ಅಜ್ಜನ ಹೆಸರಿನಿಂದ ಮಾಮಾ ಹೆಸರಿಗೆ ಬರಬೇಕು, ಅದಕ್ಕೆ ಫಾರ್ಮ್ 31. ಆಮೇಲೆ ಫಿಟ್‌ನೆಸ್, ವಿಮೆ, ಬಾಕಿ ತೆರಿಗೆ. ಫಾರ್ಮ್ ಕೊಟ್ಟು ಬಂದಿದ್ದೇವೆ.

ಅಲ್ಲಿವರೆಗೆ ಗಾಡಿ ಮತ್ತೆ ಲಾರಿ ಮೇಲೆ ಬ್ಯಾಡಗಿಗೆ ಹೋಗಿ, ಹೊಲದೊಳಗೆ ಮಾತ್ರ ಓಡಾಡುತ್ತಿದೆ. ಸೆಕೆಂಡ್ ಗೇರ್ ಇಳಿಜಾರಿನಲ್ಲಿ ತಾನೇ ಕಳಚಿ ಬೀಳುತ್ತದೆ. ಟಿ-90ಯ ಆ ಗೇರ್ ಹುಡುಕುವ ಕೆಲಸ ಶುರುವಾಗಿದೆ, ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಮುಂದಿನ ವಾರ ಬೆಂಗಳೂರಿಗೆ ಹೊರಟಿದ್ದೇನೆ. ಈ ಸಲದ ಸುಗ್ಗಿಯಲ್ಲಿ ಮಾಮಾ ನನಗೆ ಹೇಳದೆ ಕಣದಿಂದ ಮನೆಗೆ ಎಂಟು ಚೀಲ ಮೆಣಸಿನಕಾಯಿ ಹೇರಿದ್ದಾರೆ. ಹೊಸ ಬಣ್ಣ ಕೆಟ್ಟೀತು ಅಂತ ನಾನು ಫೋನಿನಲ್ಲಿ ಕೂಗಾಡಿದೆ.

‘ತಳದಾಗ ತಾಡಪತ್ರಿ ಹಾಸೀನಿ ಬಿಡು ಅಳಿಯಾ,’ ಅಂದರು. ಆಮೇಲೆ ಹೋಗಿ ನೋಡಿದೆ. ತಾಡಪತ್ರಿ ಹಾಸಿರಲಿಲ್ಲ.